ಟ್ಯೂಷನ್: ಪದ ಒಂದು, ಲೆಕ್ಕ ಮೂರು

ವಹಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥವಿರಬೇಕೆಂಬುದು ವ್ಯಾಪಾರದ ಮೊದಲ ಪಾಠ. ಜಮಾ ಎಂದರೆ ಜಮಾ, ಖರ್ಚು ಎಂದರೆ ಖರ್ಚು. ಸರಕು, ಬಾಡಿಗೆ, ಬಡ್ಡಿ, ದಲ್ಲಾಳಿ ಇವು ಯಾವ ಪೇಟೆಯಲ್ಲಿಯೂ ಗೊಂದಲವನ್ನು ಉಂಟುಮಾಡುವುದಿಲ್ಲ. ಆದರೆ ಪ್ರತಿ ವರ್ಷ ಶಾಲೆ ಕಾಲೇಜುಗಳು ಆರಂಭವಾಗುವ ವೇಳೆಗೆ ಪ್ರತಿಯೊಬ್ಬ ವರ್ತಕನ ಮನೆಗೂ ಅಂಗಡಿಗೂ ಬಂದು ಹೋಗುವ ಒಂದು ಇಂಗ್ಲಿಷ್ ಪದ ಮಾತ್ರ ಈ ಶಿಸ್ತಿಗೆ ಒಳಪಟ್ಟಿಲ್ಲ. ಆ ಪದವೇ ‘ಟ್ಯೂಷನ್’.

ಸಂಜೆ ಮಗ ಎಲ್ಲಿ ಎಂದು ಕೇಳಿದರೆ ‘ಟ್ಯೂಷನ್‌ಗೆ ಹೋಗಿದ್ದಾನೆ’ ಎಂಬ ಉತ್ತರ ಬರುತ್ತದೆ. ಇಲ್ಲಿ ಆ ಪದಕ್ಕೆ ಮನೆಪಾಠ ಎಂದು ಅರ್ಥ. ಶಾಲೆಯ ರಸೀದಿಯಲ್ಲಿ ‘ಟ್ಯೂಷನ್ ಫೀ’ ಎಂದು ಮುದ್ರಿತವಾಗಿದ್ದರೆ ಅದು ತರಗತಿಯಲ್ಲಿ ಪಾಠ ಹೇಳುವುದಕ್ಕಾಗಿ ಶಾಲೆ ಪಡೆಯುವ ಬೋಧನಾ ಶುಲ್ಕ. ಅಮೆರಿಕದ ವಿಶ್ವವಿದ್ಯಾನಿಲಯದಿಂದ ಬರುವ ಪ್ರವೇಶಪತ್ರದಲ್ಲಿ ‘ಟ್ಯೂಷನ್’ ಎಂಬ ಪದ ಒಂಟಿಯಾಗಿ ನಿಂತು, ಪಾಠವನ್ನಲ್ಲದೆ ಕಟ್ಟಬೇಕಾದ ಹಣವನ್ನೇ ಸೂಚಿಸುತ್ತದೆ. ಒಂದೇ ಪದ, ಮೂರು ಅರ್ಥ. ಮಾತಿನಲ್ಲಿ ಇದರಿಂದ ಹಾನಿಯೇನೂ ಇಲ್ಲ. ಆದಾಯ ತೆರಿಗೆಯ ವಿವರಪತ್ರದಲ್ಲಿ, ಜಿ.ಎಸ್.ಟಿ. ಬಿಲ್ಲಿನಲ್ಲಿ, ಬ್ಯಾಂಕಿನ ಅರ್ಜಿಯಲ್ಲಿ ಈ ಮೂರು ಅರ್ಥಗಳು ಒಂದರೊಡನೊಂದು ಕಲಸಿಕೊಂಡಾಗ ಮಾತ್ರ ಹಾನಿಯನ್ನು ರೂಪಾಯಿಗಳಲ್ಲಿ ಎಣಿಸಬೇಕಾಗುತ್ತದೆ.

ಪದದ ಹುಟ್ಟು

ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಕಾಯುವುದು, ನೋಡಿಕೊಳ್ಳುವುದು ಎಂಬ ಅರ್ಥವಿತ್ತು. ‘ಟ್ಯೂಟರ್’ ಎಂಬುದೂ ಅದೇ ಬೇರಿನ ಪದ. ಅಪ್ರಾಪ್ತ ವಯಸ್ಕನ ಪಾಲಕನನ್ನು ಅದು ಸೂಚಿಸುತ್ತಿತ್ತು. ಇಂಗ್ಲಿಷಿಗೆ ಬಂದ ಮೊದಲ ದಿನಗಳಲ್ಲಿ ‘ಟ್ಯೂಷನ್’ ಎಂದರೆ ಪಾಲನೆ, ರಕ್ಷಣೆ. ಕಾಲಕ್ರಮೇಣ ಬೋಧನೆ ಎಂಬ ಅರ್ಥ ಕೂಡಿಕೊಂಡಿತು. ಬ್ರಿಟಿಷರ ಬಳಕೆಯಲ್ಲಿ ಅದು ಇಂದಿಗೂ ಮುಖ್ಯವಾಗಿ ಬೋಧನೆಯೇ ಆಗಿರುವುದರಿಂದ ಹಣವನ್ನು ಸೂಚಿಸಲು ‘ಫೀ’ ಎಂಬ ಪದವನ್ನು ಪಕ್ಕದಲ್ಲಿ ಸೇರಿಸುತ್ತಾರೆ. ಅಮೆರಿಕದವರು ಆ ‘ಫೀ’ಯನ್ನು ಬಿಟ್ಟರು. ಭಾರತದಲ್ಲಿ ಬ್ರಿಟಿಷರ ‘ಟ್ಯೂಷನ್ ಫೀ’ ಶಾಲೆಯ ಕಛೇರಿಯಲ್ಲಿ ಉಳಿಯಿತು. ಬರಿಯ ‘ಟ್ಯೂಷನ್’ ಮೇಷ್ಟರ ಮನೆಯ ಜಗಲಿಗೆ ಹೋಯಿತು.

ಕನ್ನಡನಾಡಿನಲ್ಲಿ ಈ ಗೊಂದಲ ಮೊದಲಿರಲಿಲ್ಲ. ಹಳ್ಳಿಗಳಲ್ಲಿ ಅಯ್ಯನವರು ನಡೆಸುತ್ತಿದ್ದ ಖಾಸಗಿ ಶಾಲೆಗೆ ‘ಕೂಲಿಮಠ’ ಎಂಬ ಹೆಸರಿತ್ತು. ಪಾಠ ಹೇಳಿದ್ದಕ್ಕೆ ಕಾಳಿನ ರೂಪದಲ್ಲಿಯೋ ಹಣದ ರೂಪದಲ್ಲಿಯೋ ಕೂಲಿ ಸಲ್ಲುತ್ತದೆ ಎಂಬುದು ಹೆಸರಿನಲ್ಲಿಯೇ ಇತ್ತು. ಕೊಡುವವನಿಗೂ ಪಡೆಯುವವನಿಗೂ ಅದು ಯಾತಕ್ಕಾಗಿ ಎಂಬುದು ಗೊತ್ತಿತ್ತು. ಇಂದಿನ ರಸೀದಿಗಳಲ್ಲಿ ಕಾಣೆಯಾಗಿರುವುದು ಈ ಸ್ಪಷ್ಟತೆಯೇ.

ಆದಾಯ ತೆರಿಗೆಯ ಅರ್ಥ

1961ರ ಆದಾಯ ತೆರಿಗೆ ಕಾಯಿದೆಯ 80ಸಿ ಕಲಮಿನಲ್ಲಿ ಜೀವವಿಮೆ, ಭವಿಷ್ಯನಿಧಿ ಮುಂತಾದವುಗಳ ಜೊತೆಗೆ ಟ್ಯೂಷನ್ ಫೀಗೂ ಕಡಿತ ದೊರೆಯುತ್ತಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಅಧಿನಿಯಮದಲ್ಲಿ ಈ ಸೌಲಭ್ಯವು 123ನೇ ಕಲಮಿಗೆ ಸ್ಥಳಾಂತರಗೊಂಡಿದೆ. ಎಲ್ಲ ಬಾಬುಗಳೂ ಸೇರಿ ಒಟ್ಟು ಮಿತಿ 1,50,000 ರೂಪಾಯಿ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಇದು ದೊರೆಯುತ್ತದೆ ಎಂಬುದನ್ನು ಮೊದಲೇ ನೆನಪಿಡಬೇಕು.

ಕಾನೂನಿನ ದೃಷ್ಟಿಯಲ್ಲಿ ಟ್ಯೂಷನ್ ಫೀ ಎಂದರೆ ಭಾರತದಲ್ಲಿರುವ ವಿಶ್ವವಿದ್ಯಾನಿಲಯ, ಕಾಲೇಜು, ಶಾಲೆ ಅಥವಾ ಇತರ ಶಿಕ್ಷಣ ಸಂಸ್ಥೆಗೆ, ಮಕ್ಕಳ ಪೂರ್ಣಾವಧಿ ಶಿಕ್ಷಣಕ್ಕಾಗಿ ಸಲ್ಲಿಸಿದ ಶುಲ್ಕ. ಪ್ರವೇಶದ ಸಮಯದಲ್ಲಿ ಕೊಟ್ಟರೂ ಆಗಬಹುದು, ಅನಂತರ ಕೊಟ್ಟರೂ ಆಗಬಹುದು. ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅದೇ ಸ್ವರೂಪದ ಪಾವತಿಗಳನ್ನು ಕಲಮಿನ ಮಾತುಗಳಲ್ಲಿಯೇ ಹೊರಗಿಡಲಾಗಿದೆ. ಪ್ಲೇ ಸ್ಕೂಲ್, ಪ್ರೀ-ನರ್ಸರಿ ಮತ್ತು ನರ್ಸರಿ ತರಗತಿಗಳು ಪೂರ್ಣಾವಧಿ ಶಿಕ್ಷಣದಲ್ಲಿ ಸೇರುತ್ತವೆ ಎಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು ಸಂಬಳದ ತೆರಿಗೆಗೆ ಸಂಬಂಧಿಸಿದ ತನ್ನ ಸುತ್ತೋಲೆಗಳಲ್ಲಿ ಸ್ಪಷ್ಟಪಡಿಸಿದೆ.

ಇದರಿಂದ ಹೊರಡುವ ಫಲಿತಾಂಶಗಳನ್ನು ವರ್ತಕ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದಾಗಿ, ಸಂಜೆಯ ಮನೆಪಾಠಕ್ಕೂ ಕೋಚಿಂಗ್ ಕೇಂದ್ರಕ್ಕೂ ಕೊಡುವ ಹಣವನ್ನು ಜನ ಟ್ಯೂಷನ್ ಫೀ ಎಂದೇ ಕರೆದರೂ ಅದು ಈ ಕಲಮಿನ ಟ್ಯೂಷನ್ ಫೀ ಅಲ್ಲ. ಅಲ್ಲಿ ಪೂರ್ಣಾವಧಿ ಶಿಕ್ಷಣವಿಲ್ಲ. ಎರಡನೆಯದಾಗಿ, ಕಡಿತವು ವ್ಯಕ್ತಿಗೆ ಮಾತ್ರ, ಅದೂ ಅವರ ಇಬ್ಬರು ಮಕ್ಕಳಿಗಾಗಿ ಮಾತ್ರ. ಹಿಂದೂ ಅವಿಭಕ್ತ ಕುಟುಂಬಕ್ಕೆ ಈ ಕಡಿತವಿಲ್ಲ. ಒಂದೇ ಮನೆಯಲ್ಲಿ ಒಂದೇ ಒಲೆಯಲ್ಲಿ ಬಾಳುವ ಕುಟುಂಬದಲ್ಲಿ ಹಿರಿಯಣ್ಣನು ತಮ್ಮನ ಮಕ್ಕಳ ಶುಲ್ಕವನ್ನು ಕಟ್ಟುವುದು ಸಹಜ. ತಾತನು ಮೊಮ್ಮಗಳ ಶುಲ್ಕವನ್ನು ಕಟ್ಟುವುದೂ ಸಹಜ. ಆದರೆ ಕಟ್ಟಿದ ಅಣ್ಣನಿಗಾಗಲಿ ತಾತನಿಗಾಗಲಿ ಕಡಿತ ಸಿಗದು. ಕಟ್ಟದ ತಂದೆಗೂ ಸಿಗದು. ಮೂರನೆಯದಾಗಿ, ಗಂಡ ಹೆಂಡತಿ ಇಬ್ಬರೂ ತೆರಿಗೆದಾರರಾಗಿದ್ದಲ್ಲಿ ತಾವು ತಾವು ಪಾವತಿಸಿದ ಮೊತ್ತಕ್ಕೆ ಪ್ರತ್ಯೇಕವಾಗಿ ಕಡಿತ ಪಡೆಯಬಹುದು. ನಾಲ್ಕನೆಯದಾಗಿ, ಶುಲ್ಕವು ಯಾವ ತರಗತಿಯ ವರ್ಷಕ್ಕೆ ಸೇರಿದ್ದು ಎಂಬುದಲ್ಲ, ಯಾವ ಹಣಕಾಸು ವರ್ಷದಲ್ಲಿ ಪಾವತಿಯಾಯಿತು ಎಂಬುದೇ ಮುಖ್ಯ. ಮಾರ್ಚ್ 28ರಂದು ಮುಂದಿನ ವರ್ಷದ ಶುಲ್ಕ ಕಟ್ಟಿದರೆ ಕಡಿತ ಈ ವರ್ಷದ್ದೇ.

ಒಂದು ಉದಾಹರಣೆ

ಹಳೆಯ ಪದ್ಧತಿಯಲ್ಲಿ ಶೇಕಡಾ 30ರ ಹಂತದಲ್ಲಿರುವ ಒಬ್ಬ ಸಣ್ಣ ತಯಾರಕರನ್ನು ಊಹಿಸಿಕೊಳ್ಳಬಹುದು. ಮಗಳ ಕಾಲೇಜಿಗೆ ಅವರು ಒಟ್ಟು 95,000 ರೂಪಾಯಿ ಕಟ್ಟಿದ್ದಾರೆ. ಅದರಲ್ಲಿ ಬೋಧನಾ ಶುಲ್ಕ 48,000, ಅಭಿವೃದ್ಧಿ ಶುಲ್ಕ 20,000, ಬಸ್ಸಿಗೆ 18,000, ಪುಸ್ತಕ ಮತ್ತು ಸಮವಸ್ತ್ರಕ್ಕೆ 9,000. ಇದಲ್ಲದೆ ಪ್ರವೇಶ ಪರೀಕ್ಷೆಯ ಕೋಚಿಂಗಿಗೆ 60,000 ರೂಪಾಯಿ ಮತ್ತು ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 10,800 ರೂಪಾಯಿ. ಎಲ್ಲ ಸೇರಿ 1,65,800. ಮನೆಯವರೆಲ್ಲರ ಬಾಯಲ್ಲಿ ಇದಷ್ಟೂ ‘ಟ್ಯೂಷನ್ ಖರ್ಚು’. ಆದ್ದರಿಂದ ವಿವರಪತ್ರದಲ್ಲಿ ಪೂರ್ಣ 1,50,000 ತುಂಬಲಾಯಿತು.

ಕಾನೂನಿನಂತೆ ನಿಶ್ಚಿತವಾಗಿ ನಿಲ್ಲುವುದು 48,000 ಮಾತ್ರ. ಹೆಚ್ಚಾಗಿ ತೋರಿಸಿದ್ದು 1,02,000. ಸೆಸ್ ಸೇರಿ ಶೇಕಡಾ 31.2ರಂತೆ ಕಡಿಮೆ ಕಟ್ಟಿದ ತೆರಿಗೆ 31,824 ರೂಪಾಯಿ. ಇದಕ್ಕೆ ಬಡ್ಡಿ ಕೂಡುತ್ತದೆ. ಆಧಾರವಿಲ್ಲದ ತಪ್ಪು ವರದಿ ಎಂದು ಅಧಿಕಾರಿ ತೀರ್ಮಾನಿಸಿದರೆ ದಂಡವು ತೆರಿಗೆಯ ಎರಡು ಪಟ್ಟು, ಅಂದರೆ 63,648 ರೂಪಾಯಿಯವರೆಗೆ ಹೋಗಬಹುದು. ಮೋಸ ಮಾಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ಒಂದು ಪದವನ್ನು ಮಾತಿನ ಅರ್ಥದಲ್ಲಿ ಬರೆದದ್ದಷ್ಟೇ ಆದದ್ದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 2023-24ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಗಿದೆ. ಸಂಬಳದಾರರು ಪ್ರತಿ ವರ್ಷ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ವ್ಯಾಪಾರದ ಆದಾಯವುಳ್ಳವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ಹೊಸ ಪದ್ಧತಿಯಿಂದ ಹೊರಬಂದರೆ ಒಮ್ಮೆ ಮಾತ್ರ ಅದಕ್ಕೆ ಹಿಂದಿರುಗಬಹುದು; ಹಿಂದಿರುಗಿದ ಮೇಲೆ ವ್ಯಾಪಾರದ ಆದಾಯ ಇರುವವರೆಗೆ ಮತ್ತೆ ಹೊರಬರುವಂತಿಲ್ಲ. ಶಾಲೆಯ ಲೆಕ್ಕವನ್ನು ಉಬ್ಬಿಸಿಕೊಂಡು, ಕಡಿತಗಳು ದೊಡ್ಡದಾಗಿವೆ ಎಂದು ನಂಬಿ ಹಳೆಯ ಪದ್ಧತಿಯನ್ನು ಆರಿಸಿಕೊಂಡವರು ಒಂದು ವರ್ಷದ ತೆರಿಗೆಯನ್ನಷ್ಟೇ ಅಲ್ಲ, ಮುಂದಿನ ವರ್ಷಗಳ ಆಯ್ಕೆಯನ್ನೂ ಕಳೆದುಕೊಳ್ಳುವ ಸಂಭವವಿದೆ.

ಜಿ.ಎಸ್.ಟಿ.ಯ ಗೆರೆ

ಆದಾಯ ತೆರಿಗೆಯು ಎಳೆದ ಗೆರೆಯನ್ನೇ ಪರೋಕ್ಷ ತೆರಿಗೆಯೂ ಬಹುಮಟ್ಟಿಗೆ ಎಳೆಯುತ್ತದೆ. ಶಾಲಾಪೂರ್ವ ಶಿಕ್ಷಣದಿಂದ ಪದವಿಪೂರ್ವದವರೆಗೆ, ಹಾಗೂ ಕಾನೂನಿನ ಮಾನ್ಯತೆ ಪಡೆದ ಪದವಿಗಾಗಿ ನಡೆಯುವ ಪಾಠಕ್ಕೆ, ಶಿಕ್ಷಣ ಸಂಸ್ಥೆಯು ತನ್ನ ವಿದ್ಯಾರ್ಥಿಗಳಿಗೆ ಒದಗಿಸುವ ಸೇವೆಯ ಮೇಲೆ ಜಿ.ಎಸ್.ಟಿ. ಇಲ್ಲ. ಕೋಚಿಂಗ್ ಕೇಂದ್ರದ ಸೇವೆಗೆ ಶೇಕಡಾ 18 ತೆರಿಗೆ ಇದೆ. ಇದು ಹೊಸ ಸಂಗತಿಯಲ್ಲ. ವಾಣಿಜ್ಯ ಕೋಚಿಂಗ್ ಕೇಂದ್ರಗಳು 2003ರ ಜುಲೈ 1ರಿಂದಲೇ ಸೇವಾ ತೆರಿಗೆಗೆ ಒಳಪಟ್ಟಿದ್ದವು. ಮನೆಯಲ್ಲಿ ಪಾಠ ಹೇಳುವ ಮೇಷ್ಟರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಅವರು ನೋಂದಣಿ ಮಾಡಿಸಬೇಕಾಗಿಲ್ಲ.

ತೊಡಕು ಹುಟ್ಟುವುದು ಎರಡೂ ಒಂದೇ ಆವರಣದಲ್ಲಿ ನಡೆಯುವಾಗ. ಇಂದು ಅನೇಕ ಪಿ.ಯು. ಕಾಲೇಜುಗಳಲ್ಲಿ ಬೆಳಗ್ಗೆ ಪದವಿಪೂರ್ವ ಪಾಠ, ಅದರ ಹಿಂದೆಯೇ ಸಿ.ಇ.ಟಿ., ನೀಟ್, ಜೆ.ಇ.ಇ. ತರಬೇತಿ ನಡೆಯುತ್ತದೆ. ‘ಇಂಟಿಗ್ರೇಟೆಡ್’ ಎಂಬ ಹೆಸರಿನಲ್ಲಿ ಒಂದೇ ಮೊತ್ತ, ಒಂದೇ ರಸೀದಿ. ಪದವಿಪೂರ್ವ ಪಾಠದ ಪಾಲು ಬೋಧನಾ ಶುಲ್ಕ. ಪ್ರವೇಶ ಪರೀಕ್ಷೆಯ ಪಾಲು ತರಬೇತಿ ಶುಲ್ಕ. ರಸೀದಿಯಲ್ಲಿ ಇವೆರಡು ಬೇರೆಯಾಗದಿದ್ದರೆ ಪೋಷಕರಿಗೆ ಕಡಿತದ ಆಧಾರವಿಲ್ಲ. ಸಂಸ್ಥೆಗೂ ತೆರಿಗೆ ವಿನಾಯಿತಿಯ ಆಧಾರ ದುರ್ಬಲವಾಗುತ್ತದೆ.

ಕೋಚಿಂಗ್ ಕೇಂದ್ರದ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ, ಅಂಗಡಿಯ ಜಿ.ಎಸ್.ಟಿ. ಸಂಖ್ಯೆಯೊಡನೆ ಬರೆಸಿಕೊಂಡು ಹೂಡುವಳಿ ತೆರಿಗೆಯ ಜಮೆ ಪಡೆಯುವ ಪ್ರಯತ್ನಗಳೂ ನಡೆಯುವುದುಂಟು. ಮಕ್ಕಳ ವಿದ್ಯಾಭ್ಯಾಸವು ವ್ಯಾಪಾರದ ಉಪಯೋಗವಲ್ಲ. ಆ ಜಮೆಯನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕಾಗುತ್ತದೆ.

ಹೆಸರಿಗಿಂತ ಸ್ವರೂಪ

ರಸೀದಿಯ ಮೇಲೆ ಬರೆದ ಪದವೇ ಅಂತಿಮವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. ಅದೂ ಕರ್ನಾಟಕದಿಂದಲೇ ಹೋಗಿದೆ. ಪ್ರವೇಶಕ್ಕಾಗಿ ವಂತಿಗೆ ವಸೂಲು ಮಾಡುವುದನ್ನು ನಿಷೇಧಿಸಿ ರಾಜ್ಯವು 1984ರಲ್ಲಿ ಕಾಯಿದೆಯನ್ನು ಮಾಡಿತು. ನಿಗದಿತ ಶುಲ್ಕಕ್ಕಿಂತ ಹೆಚ್ಚಾಗಿ, ಯಾವ ಹೆಸರಿನಿಂದ ಪಡೆದರೂ, ಅದು ಕ್ಯಾಪಿಟೇಷನ್ ಶುಲ್ಕವೇ ಎಂಬುದು ಆ ಕಾಯಿದೆಯ ವ್ಯಾಖ್ಯೆ. ಅದೇ ಕಾಯಿದೆಯ ಅಡಿಯಲ್ಲಿ 1989ರ ಜೂನ್ 5ರಂದು ಹೊರಬಿದ್ದ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಟ್ಯೂಷನ್ ಫೀಯನ್ನು ಮೂರು ಬಗೆಯಾಗಿ ನಿಗದಿಪಡಿಸಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರ ರಾಜ್ಯದ ಭಾರತೀಯ ವಿದ್ಯಾರ್ಥಿಗಳಿಗೆ 60,000ದವರೆಗೆ.

ಉತ್ತರ ಪ್ರದೇಶದ ಮೀರತ್‌ನ ವಿದ್ಯಾರ್ಥಿನಿ ಮೋಹಿನಿ ಜೈನ್ ಅವರಿಗೆ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ಬೇಕಾಗಿತ್ತು. ಮೊದಲ ವರ್ಷಕ್ಕೆ 60,000 ರೂಪಾಯಿ, ಉಳಿದ ವರ್ಷಗಳಿಗೆ ಬ್ಯಾಂಕ್ ಖಾತರಿ ಎಂಬ ಷರತ್ತನ್ನು ಪೂರೈಸುವುದು ಆ ಕುಟುಂಬಕ್ಕೆ ಸಾಧ್ಯವಾಗಲಿಲ್ಲ. 1992ರ ಜುಲೈ 30ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿಸೂಚನೆಯಲ್ಲಿ ಟ್ಯೂಷನ್ ಫೀ ಎಂದು ಕರೆದಿದ್ದರೂ ಆ 60,000 ರೂಪಾಯಿ ವಾಸ್ತವದಲ್ಲಿ ಕ್ಯಾಪಿಟೇಷನ್ ಶುಲ್ಕವೇ ಎಂದು ಹೇಳಿತು. ಸರ್ಕಾರದ ಮುದ್ರೆ ಬಿದ್ದ ಹೆಸರು ಕೂಡ ಹಣದ ಸ್ವರೂಪವನ್ನು ಬದಲಾಯಿಸಲಾರದು ಎಂಬುದೇ ಇದರ ಸಾರ.

ಆ ತೀರ್ಪಿನ ಎಲ್ಲ ಭಾಗಗಳೂ ಮುಂದೆ ಉಳಿಯಲಿಲ್ಲ. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ನ್ಯಾಯಾಲಯವು ಉಚಿತ ಸೀಟು ಮತ್ತು ಶುಲ್ಕದ ಸೀಟುಗಳ ಯೋಜನೆಯೊಂದನ್ನು ರೂಪಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು ಆ ಯೋಜನೆಯನ್ನೂ ಬದಿಗಿರಿಸಿತು. ಅನುದಾನರಹಿತ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ನಿರ್ಧರಿಸಬಹುದು, ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ನ್ಯಾಯವಾದ ಮಿಗತೆಯನ್ನೂ ಉಳಿಸಿಕೊಳ್ಳಬಹುದು. ಆದರೆ ವಂತಿಗೆಯೂ ಲಾಭಕೋರತನವೂ ಸಲ್ಲವು ಎಂಬುದು ಆ ತೀರ್ಪಿನ ನಿಲುವು. ಸಂಸ್ಥೆಗಳಿಗೆ ನ್ಯಾಯವಾಗಿ ಬೆಳೆಯುವ ದಾರಿ ತೆರೆದಿರುವಾಗ ಹೆಸರು ಮರೆಸಿ ಹಣ ಪಡೆಯುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಉಳಿಯುತ್ತದೆ.

ಪ್ರವೇಶಕ್ಕಾಗಿ ಕೊಟ್ಟ ಹಣಕ್ಕೆ ‘ದೇಣಿಗೆ’ ಎಂದು ರಸೀದಿ ಪಡೆದು 80ಜಿ ಕಡಿತ ಕೇಳುವುದೂ ಇದೇ ತತ್ತ್ವಕ್ಕೆ ಎದುರು. ಸೀಟಿಗೆ ಪ್ರತಿಯಾಗಿ ಕೊಟ್ಟದ್ದು ದಾನವಲ್ಲ. ರಸೀದಿಯಿಲ್ಲದೆ ನಗದಾಗಿ ಕೊಟ್ಟವರ ಸ್ಥಿತಿ ಇನ್ನೂ ಕಷ್ಟದ್ದು. ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದೇ ವ್ಯವಹಾರಕ್ಕಾಗಿ, 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಪಡೆಯುವುದನ್ನು 2017ರಿಂದ ನಿಷೇಧಿಸಲಾಗಿದ್ದು, ದಂಡ ಪಡೆದವರ ಮೇಲೆ ಬೀಳುತ್ತದೆ. ಸಂಸ್ಥೆಯ ತನಿಖೆಯ ಕಾಲದಲ್ಲಿ ಹೆಸರುಗಳ ಪಟ್ಟಿ ಸಿಕ್ಕರೆ, ಮೂಲ ತೋರಿಸಲಾರದ ಖರ್ಚೆಂದು ಆ ಮೊತ್ತ ಪೋಷಕರ ಆದಾಯಕ್ಕೆ ಸೇರುತ್ತದೆ.

ಅಂಗಡಿಯ ಗಲ್ಲ ಮತ್ತು ಮಕ್ಕಳ ಶುಲ್ಕ

ಸಣ್ಣ ವ್ಯಾಪಾರದಲ್ಲಿ ಮನೆಯ ಚೀಲಕ್ಕೂ ಅಂಗಡಿಯ ಗಲ್ಲಕ್ಕೂ ನಡುವೆ ಗೋಡೆ ತೆಳುವಾದದ್ದು. ಅಂಗಡಿಯ ಖಾತೆಯಿಂದ ಶಾಲೆಗೆ ಚೆಕ್ ಹೋಗುವುದು ತಪ್ಪಲ್ಲ. ಆದರೆ ಒಬ್ಬರೇ ಒಡೆಯರಾಗಿದ್ದಲ್ಲಿ ಅದನ್ನು ಡ್ರಾಯಿಂಗ್ಸ್ ಎಂದೂ, ಪಾಲುದಾರಿಕೆಯಾಗಿದ್ದಲ್ಲಿ ಆ ಪಾಲುದಾರರ ಖಾತೆಗೂ ಬರೆಯಬೇಕು. ‘ಇತರೆ ಖರ್ಚು’ ಎಂಬ ಬಾಬಿನಲ್ಲಿ ಅದು ಅಡಗಿದರೆ ಲಾಭನಷ್ಟದ ಪಟ್ಟಿಯೇ ಸುಳ್ಳಾಗುತ್ತದೆ. ಸ್ವಂತ ಖರ್ಚು ವ್ಯಾಪಾರದ ಖರ್ಚಲ್ಲ ಎಂಬ ನಿಯಮ ಹಳೆಯ ಕಾಯಿದೆಯಲ್ಲಿಯೂ ಇತ್ತು, ಹೊಸ ಅಧಿನಿಯಮದಲ್ಲಿಯೂ ಇದೆ.

ಕಂಪನಿಯ ನಿರ್ದೇಶಕರ ಮಗನನ್ನೋ ಮಗಳನ್ನೋ ಕಂಪನಿಯ ಖರ್ಚಿನಲ್ಲಿ ಉನ್ನತ ಶಿಕ್ಷಣಕ್ಕೆ ಕಳುಹಿಸಿದ ಪ್ರಕರಣಗಳಲ್ಲಿ ನ್ಯಾಯಾಲಯಗಳು ಎರಡೂ ಬಗೆಯ ತೀರ್ಪು ನೀಡಿವೆ. ಕಲಿತ ವಿಷಯಕ್ಕೂ ಕಂಪನಿಯ ಕಸುಬಿಗೂ ಸಂಬಂಧವಿದೆಯೇ, ಹೊರಡುವ ಮೊದಲೇ ಬರಹದ ಕರಾರು ಆಗಿತ್ತೇ, ಹಿಂದಿರುಗಿ ಅಲ್ಲಿಯೇ ಕೆಲಸ ಮಾಡಿದರೇ, ಇತರ ನೌಕರರಿಗೂ ಅದೇ ಅವಕಾಶ ಇತ್ತೇ ಎಂಬಂಥ ಪ್ರಶ್ನೆಗಳಿಗೆ ಸಿಕ್ಕ ಉತ್ತರವೇ ತೀರ್ಪನ್ನು ನಿರ್ಧರಿಸಿದೆ. ಬರಿಯ ವಾತ್ಸಲ್ಯಕ್ಕೆ ವೋಚರ್ ಮಾಡಿದರೆ ಸಾಲದು.

ಸಮುದ್ರದಾಚೆಯ ಟ್ಯೂಷನ್

ವಿದೇಶದ ಪ್ರವೇಶಪತ್ರ ಕೈಗೆ ಬಂದಾಗ ಪದದ ಮೂರನೆಯ ಅರ್ಥ ಎದುರಾಗುತ್ತದೆ. ಅಮೆರಿಕದ ಸಂಸ್ಥೆಗಳು ‘ಟ್ಯೂಷನ್’ ಎಂಬ ಬಾಬಿನಿಂದ ‘ಫೀಸ್’ ಎಂಬ ಬಾಬನ್ನು ಬೇರೆ ಇಡುವುದು ವಾಡಿಕೆ. ವಸತಿ ಮತ್ತು ಊಟ, ಆರೋಗ್ಯ ವಿಮೆ ಮತ್ತೂ ಬೇರೆ. ಟ್ಯೂಷನ್ ಎಂಬ ಅಂಕಿಯನ್ನು ಮಾತ್ರ ವರ್ಷಗಳಿಂದ ಗುಣಿಸಿ ಸಾಲಕ್ಕೆ ಅರ್ಜಿ ಹಾಕಿದವರಿಗೆ ಎರಡನೆಯ ವರ್ಷದಲ್ಲಿ ಹಣದ ಕೊರತೆ ಬೀಳುತ್ತದೆ.

ಸಂಸ್ಥೆ ಭಾರತದಲ್ಲಿ ಇಲ್ಲದಿರುವುದರಿಂದ ಈ ಶುಲ್ಕಕ್ಕೆ 80ಸಿಯ ಅಥವಾ 123ನೇ ಕಲಮಿನ ಕಡಿತವಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿರುವವರು ಬ್ಯಾಂಕಿನಿಂದ ಉನ್ನತ ಶಿಕ್ಷಣದ ಸಾಲ ಪಡೆದಿದ್ದರೆ, ಓದು ವಿದೇಶದಲ್ಲಿದ್ದರೂ, ಮರುಪಾವತಿ ಆರಂಭವಾದ ವರ್ಷದಿಂದ ಗರಿಷ್ಠ 8 ವರ್ಷಗಳವರೆಗೆ ಬಡ್ಡಿಗೆ ಕಡಿತ ಪಡೆಯಬಹುದು. ಅದಕ್ಕೆ ಮೊತ್ತದ ಮಿತಿಯಿಲ್ಲ. ಹಣ ಕಳುಹಿಸುವಾಗ ಬ್ಯಾಂಕು ಮೂಲದಲ್ಲಿ ತೆರಿಗೆ ವಸೂಲು ಮಾಡುವ ಮಿತಿ 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಕಳುಹಿಸಿದ ಹಣಕ್ಕೆ ಈ ವಸೂಲಿ ಇಲ್ಲ. ಮಿತಿ ದಾಟಿದಾಗ ಶಿಕ್ಷಣಕ್ಕೆ ಒಂದು ದರ, ಇತರ ಬಹುತೇಕ ಉದ್ದೇಶಗಳಿಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಆದ್ದರಿಂದ ಬ್ಯಾಂಕಿನ ಅರ್ಜಿಯಲ್ಲಿ ಉದ್ದೇಶವನ್ನು ಸರಿಯಾಗಿ ಬರೆಯುವುದು ಹಣದ ಪ್ರಶ್ನೆಯೇ ಆಗಿದೆ. ವಸೂಲಾದ ಮೊತ್ತವು ನಷ್ಟವಲ್ಲ. ವಿವರಪತ್ರದಲ್ಲಿ ಅದರ ಜಮೆ ದೊರೆಯುತ್ತದೆ.

ಕೌಂಟರಿನ ಎರಡೂ ಬದಿಗೆ ವರ್ತಕರೇ

ಈ ವಿಷಯದಲ್ಲಿ ಶಾಲೆಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಕರ್ನಾಟಕದ ಊರೂರುಗಳಲ್ಲಿ ವಿದ್ಯಾಸಂಸ್ಥೆಗಳು ವರ್ತಕರ ದಾನದಿಂದ ಬೆಳೆದಿವೆ. ಅವುಗಳ ಆಡಳಿತ ಮಂಡಳಿಗಳಲ್ಲಿ ವರ್ತಕರೇ ಅಧ್ಯಕ್ಷರು, ಕೋಶಾಧ್ಯಕ್ಷರು, ಸದಸ್ಯರು. ಬೆಳಗ್ಗೆ ಪೋಷಕರಾಗಿ ಅಸ್ಪಷ್ಟ ರಸೀದಿಯ ಬಗ್ಗೆ ಗೊಣಗುವವರೇ ಸಂಜೆ ಮಂಡಳಿಯ ಸಭೆಯಲ್ಲಿ ಅದೇ ರಸೀದಿಗೆ ಅನುಮೋದನೆ ನೀಡುತ್ತಾರೆ. ಸರಕಿನ ಬಿಲ್ಲಿನಲ್ಲಿ ಪ್ರತಿ ಬಾಬಿಗೂ ದರ, ಪ್ರಮಾಣ, ತೆರಿಗೆ ಬೇರೆ ಬೇರೆ ಇರಬೇಕೆಂದು ಬಯಸುವ ವರ್ತಕರು, ತಾವು ನಡೆಸುವ ಶಾಲೆಯಿಂದ ಅದಕ್ಕಿಂತ ಕಡಿಮೆ ಶಿಸ್ತನ್ನು ಬಯಸುವುದು ಶೋಭಿಸದು.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ಸಂಸ್ಥೆಯ ರಸೀದಿಯಲ್ಲಿ ಬೋಧನಾ ಶುಲ್ಕ, ಅಭಿವೃದ್ಧಿ ಶುಲ್ಕ, ವಾಹನ, ಪುಸ್ತಕ, ತರಬೇತಿ ಎಂಬ ಬಾಬುಗಳು ಪ್ರತ್ಯೇಕವಾಗಿರಲಿ. ಪಾವತಿಸಿದವರ ಹೆಸರು ಮತ್ತು ದಿನಾಂಕ ಇರಲಿ. ಪೋಷಕರು ಶುಲ್ಕವನ್ನು ಬ್ಯಾಂಕಿನ ಮೂಲಕ, ಮಗುವಿನ ತಂದೆ ಅಥವಾ ತಾಯಿಯ ಖಾತೆಯಿಂದಲೇ ಕಟ್ಟಲಿ. ಲೆಕ್ಕ ಬರೆಯುವವರಿಗೆ ಒಟ್ಟು ಮೊತ್ತವನ್ನು ಬಾಯಲ್ಲಿ ಹೇಳದೆ ರಸೀದಿಯನ್ನೇ ಕೊಡಲಿ. ವಾಣಿಜ್ಯೋದ್ಯಮ ಸಂಸ್ಥೆಗಳು ತಮ್ಮ ಸದಸ್ಯರು ಆಡಳಿತ ಮಂಡಳಿಯಲ್ಲಿರುವ ಶಾಲೆ ಕಾಲೇಜುಗಳಿಗೆ ಇಂಥ ರಸೀದಿಯ ಒಂದು ಮಾದರಿಯನ್ನು ಕಳುಹಿಸಿ, ಮುಂದಿನ ಶೈಕ್ಷಣಿಕ ವರ್ಷದಿಂದಲೇ ಅದನ್ನು ಬಳಸುವಂತೆ ಕೋರಿದರೆ, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ಮನೆಪಾಠಕ್ಕೆ ಮನೆಪಾಠ ಎನ್ನುವುದು, ತರಬೇತಿಗೆ ತರಬೇತಿ ಎನ್ನುವುದು, ಶಾಲೆಯ ಪಾಠದ ಹಣಕ್ಕೆ ಬೋಧನಾ ಶುಲ್ಕ ಎನ್ನುವುದು ಕನ್ನಡಕ್ಕೆ ಸಹಜವಾದದ್ದು. ಈ ಮೂರು ಪದಗಳು ರಸೀದಿಯ ಮೂರು ಸಾಲುಗಳಾದರೆ ಕೊಡುವವರಿಗೆ ತಾವು ಕೊಟ್ಟದ್ದು ಯಾತಕ್ಕೆಂದು ತಿಳಿಯುತ್ತದೆ, ಪಡೆಯುವವರಿಗೆ ತಾವು ಪಡೆದದ್ದಕ್ಕೆ ಉತ್ತರ ಹೇಳುವ ಹೊಣೆ ಬರುತ್ತದೆ. ಲೆಕ್ಕದ ಪುಸ್ತಕವು ಬಯಸುವುದು ಇಷ್ಟನ್ನೇ.